ಸಾಣೆ

ಅಗಾದಿರ್ ಬಂದರಿನ ಮೀನುಡಬ್ಬಿ ಕಾರ್ಖಾನೆಯಲ್ಲಿ
ಬೆಳಗಿನ ಪಾಳಿಗೆ ನಾವು ಒಳಗೆ ಕಾಲಿಡುವ ಹೊತ್ತಿಗೆ
ನಲವತ್ತು ಚೂರಿಗಳೂ ಹರಿತವಾಗಿರುತ್ತಿದ್ದವು.
ಯಾರೂ ಕೇಳುತ್ತಿರಲಿಲ್ಲ. ನಲ್ಲಿಯಲ್ಲಿ ನೀರು ಬಂದರೆ
ಯಾಕೆ ಬಂತೆಂದು ಕೇಳುತ್ತೇವೆಯೇ?

ನನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ: ತೂದಾ.
ನಸುಕಿನ ನಮಾಜು ಮುಗಿಸಿ, ಬಸ್ಸಿಗೂ ಕಾಯದೆ ನಡೆದು ಬಂದು
ಸಾಣೆಕಲ್ಲಿಗೆ ನೀರು ಚಿಮುಕಿಸುತ್ತಿದ್ದಳು.
ದೇವರ ಲೆಕ್ಕಕ್ಕಾ ಇದು? ಅಂದೆ ಒಮ್ಮೆ.
ಮೊಂಡು ಚೂರಿ ಜಾರಿ ಬೆರಳು ಕುಯ್ಯುತ್ತೆ, ಅಂದಳು.
ಅಷ್ಟೇ.

ಹೋದ ಚಳಿಗಾಲ ಆಫೀಸಿನಿಂದ ಒಂದು ಫಾರಂ ಬಂತು:
ಸಂಬಳವಿಲ್ಲದೆ ಮಾಡಿದ ಸಹಾಯ, ದಿನಾಂಕ, ಸಹಿ.
ಮೇಸ್ತ್ರಿ ಲಹ್ಸೇನ್ ಪೆನ್ನು ಹಿಡಿದು ಸಾಲುಸಾಲು ಅಲೆದ.
ತೂದಾ ಸಾರ್ಡೀನಿನ ತಲೆ ಕತ್ತರಿಸುತ್ತಲೇ ಇದ್ದಳು,
ಒಂದು, ಇನ್ನೊಂದು, ಮತ್ತೊಂದು.
ಆ ಕಾಗದದ ಮೇಲೆ ಕೊನೆಗೆ ಬಿದ್ದದ್ದು
ಮೀನಿನ ಹುರುಪೆ ಮಾತ್ರ.

ಮಗಳ ಹೆರಿಗೆಗೆಂದು ಅವಳು ತಿಜ್ನಿತ್‌ಗೆ ಹೋದ ವಾರ
ಕತ್ತಲಲ್ಲೇ ಎದ್ದು ಬಂದೆ, ನಾನಾದರೂ ಮಸೆಯೋಣವೆಂದು.
ದೀಪ ಆಗಲೇ ಉರಿಯುತ್ತಿತ್ತು.
ಸಾಣೆಯ ಮುಂದೆ ಯಮ್ನಾ, ತೋಳು ಮೇಲೇರಿಸಿಕೊಂಡು.
ತೂದಾಳ ಜೊತೆ ಮೂರು ವರ್ಷದಿಂದ ಮಾತು ಬಿಟ್ಟವಳು!

ಸಿಕ್ಕಿಬಿದ್ದ ಕಳ್ಳಿಯರಂತೆ ನಿಂತೆವು ಇಬ್ಬರೂ.
ಆಮೇಲೆ ಅವಳು ಸ್ವಲ್ಪ ಸರಿದು ಜಾಗ ಕೊಟ್ಟಳು.
ನನಗೆ ಮಸೆಯಲು ಬರುತ್ತಿರಲಿಲ್ಲ.
ಓರೆಯಾಗಿ ಹಿಡಿ, ಅಂದಳು, ಒತ್ತಬೇಡ.
ಕಲ್ಲು ತಾನೇ ಮಾಡುತ್ತೆ.