ಅರ್ಧ ನೂಲು ಆಟ

ಜಾಕಿ ಕೊಟ್ಟು ಎಡದ ಮುಂಗಾಲು ಎತ್ತಿದ ಖಲಂದರ್.
ಚಕ್ರದ ನೆತ್ತಿಗೊಂದು ಕೈ, ಬುಡಕ್ಕೊಂದು ಕೈ,
ಒಮ್ಮೆ ಇತ್ತ, ಒಮ್ಮೆ ಅತ್ತ.
ಟಕ್ ಅಂತು. ಮತ್ತೆ ಟಕ್.
‘ಆಟ ಐತೆ ಮೇಡಂ. ಅರ್ಧ ನೂಲು.
ಕಮ್ಮಿ ಅಂದ್ರೆ.’

ಅರವತ್ತೆಂಟರ ಅಂಬಾಸಿಡರ್. ಮೈಬಣ್ಣ
ಒಂದು ಕಾಲಕ್ಕೆ ಆಕಾಶ, ಈಗ ಒರೆಸಿದ ಸ್ಲೇಟು.
ಸಾಲಗಾಮೆ ರಸ್ತೆಯ ನನ್ನ ಟೈಪಿಂಗ್ ಶಾಲೆ ಮುಚ್ಚಿದ ದಿನ
ಹದಿನಾಲ್ಕು ಯಂತ್ರ ತಕ್ಕಡಿಯಲ್ಲಿ ಹೋದವು,
ಕಿಲೋಗೆ ಇಷ್ಟು ಅಂತ.
ಇದನ್ನೂ ತೂಕಕ್ಕೇ ಕೇಳಿದ ಗುಜರಿಯವನು.
ಸಿಟ್ಟು ಬಂತು. ಉಳಿಸಿಕೊಂಡೆ. ಅಷ್ಟೇ ಕಾರಣ.

ಎಡಕ್ಕೆ ಎಳೆಯುತ್ತಿತ್ತು, ಯಾವಾಗಿನಿಂದಲೋ.
ನಾನು ಬಲಗೈ ಮಣಿಕಟ್ಟನ್ನು ಒಂದಿಷ್ಟು ಬಿಗಿಹಿಡಿದು
ಆಲೂರಿಗೆ ಹೋದೆ, ಬೇಲೂರಿಗೆ ಹೋದೆ,
ತಂಗಿಯ ಹೆರಿಗೆಗೆ ನಡುರಾತ್ರಿ ಹೊಳೆನರಸೀಪುರಕ್ಕೆ ಹೋದೆ.
ಅದನ್ನು ದೋಷ ಅನ್ನಲಿಲ್ಲ.
ಡ್ರೈವಿಂಗ್ ಅಂದರೇ ಹಾಗೆ ಅಂದುಕೊಂಡೆ.

ನಟ್ಟು ಬಿಡಲಿಲ್ಲ ಮೊದಲ ದಿನ.
ಡೀಸೆಲ್ ಕುಡಿಸಿ ಮಲಗಿಸಿದರು.
ಎರಡನೇ ದಿನ ಪಾನಾಕ್ಕೆ ಪೈಪು ತೂರಿಸಿ,
ಪೈಪಿಗೆ ಜವರೇಶ ಜೋತುಬಿದ್ದು,
ಬಾವಲಿಯ ಹಾಗೆ ತೂಗಾಡಿ, ‘ಬಂತು ಬಂತು’ ಅಂತ ಕೂಗಿ
ಬಂದದ್ದು ನಟ್ಟಲ್ಲ, ಅವನ ಚಪ್ಪಲಿಯ ಉಂಗುಷ್ಟ.
ಮೂರನೇ ದಿನ ತಾನಾಗಿಯೇ ಸಡಿಲವಾಯಿತು,
ಯಾರೂ ಬೇಡಿಕೊಳ್ಳದೆ.

ಗ್ರೀಸ್ ನಿಪ್ಪಲ್ಲಿನ ಬಾಯಿಗೆ ಹಳೇ ಮಣ್ಣು ಗಟ್ಟಿ.
ಸೈಕಲ್ ಕಡ್ಡಿಯಲ್ಲಿ ಚುಚ್ಚಿದರೆ
ಹೊರಬಂತು ಯಾವ ಮಳೆಗಾಲದ ರಸ್ತೆಯೋ.
ಬುಷ್ಷಿನ ರಬ್ಬರು ಹಳೇ ಬೆಲ್ಲದಂತೆ ಉದುರಿತು.
ಕಿಂಗ್ ಪಿನ್ನಿನ ತಿರುಪಿಗೆ ಏಣೇ ಇಲ್ಲ,
ನನ್ನ ‘ಎ’ ಕೀಲಿಯಂತೆ ನುಣ್ಣಗೆ:
ಎಲ್ಲ ಕಿರುಬೆರಳೂ ಅದರ ಮೇಲೇ ಕಲಿತದ್ದು.

ತಿರುಚುಕಂಬಿ ಎರಡನ್ನೂ ಗೋಡೆಗೆ ಆನಿಸಿ
ಚಾಕ್‌ಪೀಸಲ್ಲಿ ಬರೆದ: ಎಡ. ಬಲ.
‘ಎರಡೂ ಒಂದೇ ಅಲ್ವೇನಯ್ಯಾ?’
‘ಹೊಸದ್ರಲ್ಲಿ ಒಂದೇ. ಈಗಲ್ಲ.
ಐವತ್ತು ವರ್ಷ ಒಂದೇ ಕಡೆ ತಿರುಚ್ಕೊಂಡೈತೆ.
ಅದಲು ಬದಲು ಹಾಕಿದ್ರೆ
ಮುರೀತದೆ.’
ಹೇಳಿ ಬೀಡಿ ಹಚ್ಚಲು ಹೊರಗೆ ಹೋದ.
ನಾನು ಆ ಎರಡು ಕಂಬಿಗಳೆದುರು
ಸುಮ್ಮನೆ ಸ್ಟೂಲಿನ ಮೇಲೆ ಕೂತಿದ್ದೆ.

ಬುಷ್ ಎಲ್ಲೂ ಸಿಗಲಿಲ್ಲ. ಲೇತಿನ ಕಾಳಾಚಾರ್
ಗನ್ ಮೆಟಲ್ ಕಡೆದು ಕೊಟ್ಟರು.
ಬಿಸಿ ಸುರುಳಿಗಳು ಅವರ ಪಾದದ ಸುತ್ತ
ಜಿಲೇಬಿಯಂತೆ ಬೀಳುತ್ತಿದ್ದವು.
ಕನ್ನಡಕ ಹಣೆಗೇರಿಸಿ, ಉಗುರಲ್ಲಿ ಒಳಗೋಡೆ ಸವರಿ,
‘ಇನ್ನೊಂದು ಕೂದಲೆಳೆ ತೆಗೀಬೇಕು.’
ತೆಗೆದರು.
ಪೂರಾ ಬಿಗಿ ಮಾಡಿಬಿಡಿ ಅಂದೆ ನಾನು.
ಇಬ್ಬರೂ ಒಟ್ಟಿಗೇ ನಕ್ಕರು.
‘ಆಟಾನೇ ಇಲ್ದಂಗೆ ಮಾಡಿದ್ರೆ
ಚಕ್ರ ತಿರುಗ್ಬೇಕಲ್ಲ ಮೇಡಂ!’

ಶನಿವಾರ ಸಂಜೆ ಇಳಿಸಿದರು ನೆಲಕ್ಕೆ.
ಮುಂದಿನ ಮೈ ಎರಡು ಬೆರಳು ಎತ್ತರ ನಿಂತಿತ್ತು,
ಮದುವೆ ಮನೆಯಲ್ಲಿ ಫೋಟೋಕ್ಕೆ ನಿಂತವರ ಹಾಗೆ.
ಬಿ.ಎಂ. ರಸ್ತೆಗೆ ಇಳಿದೆ. ಟಕ್ ಇಲ್ಲ.
ಹಂಪು ಬಂತು, ಹೋಯಿತು, ಟಕ್ ಇಲ್ಲ.

ಆದರೆ ಗಾಡಿ ಬಲಕ್ಕೆ ಹೋಗುತ್ತಿದೆ!
ಎದುರಿನ ಹಾಲಿನ ವ್ಯಾನಿನವ ದೀಪ ಮಿಟುಕಿಸಿ
ಬಾಯ್ತುಂಬ ಬೈದು ಹೋದ.
ಖಲಂದರನಿಗೆ ಫೋನು ಮಾಡಿ ನಾನೂ ಬೈದೆ.
ಅವನು ಸುಮ್ಮನಿದ್ದು ಕೇಳಿ,
‘ಸ್ವಲ್ಪ ಕೈ ಬಿಡಿ ಮೇಡಂ’ ಅಂದ.

ರಸ್ತೆ ಖಾಲಿಯಾಗುವ ತನಕ ಕಾದು
ಬಿಟ್ಟೆ.
ನೇರ ಹೋಯಿತು. ಬಿಳಿ ಗೆರೆಯ ಪಕ್ಕದಲ್ಲೇ,
ಅಕ್ಷರ ಕಲಿತ ಮಗುವಿನಂತಲ್ಲ,
ಯಾವಾಗಲೂ ಗೊತ್ತಿದ್ದವರಂತೆ.

ಸ್ಟೇರಿಂಗಿನ ಮೇಲೆ ಗಾಳಿಯಲ್ಲಿ
ನನ್ನ ಬಲಗೈ ಮಾತ್ರ ಇನ್ನೂ
ಅರ್ಧ ನೂಲು ಬಲಕ್ಕೆ ತಿರುಗಿಯೇ ಇತ್ತು.

ಜೇಬಿನಲ್ಲಿ ಬಿಲ್ಲು, ಎಣ್ಣೆಗೈಯ ಗುರುತಿನ ಸಮೇತ:
ಬುಷ್ ನಾಲ್ಕು. ಪಿನ್ನು ಎರಡು. ಕೂಲಿ.
ಗ್ರೀಸ್, ತೊಂಬತ್ತು ರೂಪಾಯಿ.
ಕೆಳಗೆ ಜವರೇಶನ ಸೊಟ್ಟ ಅಕ್ಷರ:
ಚಪ್ಪಲಿ ಒಂದು.