ಹತ್ತರಲ್ಲೊಂದು

ಗಿರಣಿಯಲ್ಲಿ ಕೆಲಸ ಉಂಟೆಂಬ ಮಾತು ನಂಬಿ
ಆದೋನಿಯಿಂದ ಬಳ್ಳಾರಿ ದಾಟಿ ದಾವಣಗೇರಿಗೆ ಬಂದಿಳಿದಾಗ
ಅಮ್ಮನ ಕಂಕುಳಲ್ಲಿ ನಾನು, ತಲೆಯ ಮೇಲೊಂದು ಟ್ರಂಕು,
ಟ್ರಂಕಿನೊಳಗೆ ಎರಡು ಸೀರೆ, ಒಂದು ಸ್ಟೌವು,
ಟವೆಲಿನಲ್ಲಿ ಸುತ್ತಿದ ತೆಲುಗಿನ ದೇವರ ಪುಸ್ತಕ.
ಅಪ್ಪ ಯೇಸುಪಾದಂ ಮುಂದೆ ಮುಂದೆ, ಕೈಬೀಸಿಕೊಂಡು.
ಗಿರಣಿಯ ಗೇಟಿಗೆ ಬೀಗ ಬಿದ್ದು ಆಗಲೇ ಹನ್ನೊಂದು ದಿನ.

ಅಪ್ಪ ವಾಪಸು ಹೋದ, ದುಡ್ಡು ತರುತ್ತೇನೆಂದು.
ಅಮ್ಮ ಉಳಿದಳು.
ಅದರ ಬಗ್ಗೆ ಅವಳು ಹೇಳಿದ್ದು ಇಷ್ಟೇ.
ನಾನೂ ಇಷ್ಟೇ ಹೇಳುತ್ತೇನೆ.

ಹೆಸರು ದೀವೆನಮ್ಮ.
ರೇಷನ್ ಕಾರ್ಡಿನ ಗುಮಾಸ್ತ ತನ್ನ ಕಿವಿಗೆ ಬಿದ್ದಷ್ಟು ಬರೆದ: ದ್ಯಾವಮ್ಮ.
ಇರಲಿ ಬಿಡು, ಸೀಮೆಎಣ್ಣೆ ಸಿಕ್ಕಿತಲ್ಲ, ಅಂದಳು.

ಬುಡನ್ ಸಾಬರ ಮಂಡಕ್ಕಿ ಭಟ್ಟಿಗೆ
ನಸುಕಿನ ನಾಲ್ಕಕ್ಕೆ ಹೊಟ್ಟಿನ ಬೆಂಕಿ.
ಅದಕ್ಕೂ ಮೊದಲು ಗೋಣಿಚೀಲದ ಮೇಲೆ ಮೊಣಕಾಲೂರಿ
ಕೇರಿಯ ಒಬ್ಬೊಬ್ಬರ ಹೆಸರು ಹೇಳಿ ಬೇಡುತ್ತಿದ್ದಳು:
ತುಂಗಕ್ಕನ ಗಂಡನ ಕುಡಿತ, ಸಾಬರ ಸಕ್ಕರೆ ಕಾಯಿಲೆ,
ನಲ್ಲಿ ನೀರು ಬಿಡುವ ರೇವಣ್ಣನಿಗೆ ಚೂರು ಒಳ್ಳೆ ಬುದ್ಧಿ.
ಅಪ್ಪನ ಹೆಸರು ಕೊನೆಗೆ. ಒಂದು ದಿನವೂ ಬಿಟ್ಟಿದ್ದಿಲ್ಲ.
ಗೋಣಿಯ ನೇಯ್ಗೆ ಮೊಣಕಾಲಿನ ಮೇಲೆ ಅಚ್ಚೊತ್ತಿ
ಮಧ್ಯಾಹ್ನದ ತನಕ ಹಾಗೇ ಇರುತ್ತಿತ್ತು.

ಕಾದ ಮರಳಲ್ಲಿ ಅಕ್ಕಿ ಚಟಪಟ ಅರಳುವಾಗ ಒಮ್ಮೆ,
ಉರಿಯುವ ಕುಲುಮೆಗೆ ಎಸೆದರೂ
ಕೂದಲೂ ಕೊಂಕದೆ ನಡೆದಾಡಿದ ಮೂವರ ಕತೆ ಹೇಳಿದಳಂತೆ.
ಸಾಬರು ಗಡ್ಡ ಕೆರೆದುಕೊಂಡು,
"ನಮ್ಮಲ್ಲೂ ಒಬ್ಬರಿಗೆ ಬೆಂಕಿ ತಂಪಾಗಿತ್ತವ್ವಾ.
ನಿಮ್ಮವರು ಮೂವರು, ನಮ್ಮವರು ಒಬ್ಬರು,
ಈ ಹಾಳು ಭಟ್ಟಿ ಮಾತ್ರ ಯಾರಿಗೂ ತಂಪಾಗಲಿಲ್ಲ ನೋಡು."
ಅಮ್ಮ ಇದನ್ನು ಹೇಳುವಾಗೆಲ್ಲ ನಗುತ್ತಿದ್ದಳು,
ಮುಂಗೈಯ ಬೊಬ್ಬೆಗೆ ಎಣ್ಣೆ ಸವರಿಕೊಳ್ಳುತ್ತ.

ಶನಿವಾರ ಬಟವಾಡೆ. ಹತ್ತರಲ್ಲೊಂದು ದೇವರದು,
ಡಬ್ಬಿಯೊಳಗೆ, ಸಾಸಿವೆಯ ಅಡಿಯಲ್ಲಿ.
ಮೂರನೇ ಕ್ಲಾಸಿನಲ್ಲಿ ನಾನದನ್ನು ಕದ್ದೆ.
ಬೆಣ್ಣೆದೋಸೆ ತಿಂದೆ. ಎರಡು.
ರಾತ್ರಿ ಅಮ್ಮ ಹೊಡೆಯಲಿಲ್ಲ.
ನನ್ನ ಉಗುರಿನ ಸಂದಿಯಿಂದ ಒಂದು ಸಾಸಿವೆಕಾಳು ಕಿತ್ತು ತೆಗೆದು
"ದೇವುಡು ದೋಸೆ ತಿಂದನಾ? ಬೆಣ್ಣೆ ಜಾಸ್ತಿ ಹಾಕಿದ್ದರಾ?" ಅಂದಳು.
ಆ ತಿಂಗಳು ಪೂರ್ತಿ ಹನ್ನೊಂದರ ಚಹಾ ಕುಡಿಯಲಿಲ್ಲವೆಂದು
ಚಹಾದ ಹುಡುಗ ನನಗೆ ಹೇಳಿದ್ದು,
ಅವನಿಗೇ ಮೊಮ್ಮಕ್ಕಳಾದ ಮೇಲೆ.

ಚರ್ಚಿನಲ್ಲಿ ಎಲ್ಲ ಕನ್ನಡ.
ನನ್ನ ಸ್ಲೇಟಿನ ಮೇಲೆಯೇ ಕಲಿತಳು.
ಎರಡೂ ಅಕ್ಕತಂಗಿಯರೇ ಕಣೇ,
ತಲೆ ಮಾತ್ರ ಬೇರೆ ಬೇರೆ ಬಾಚಿಕೊಂಡಿದ್ದಾರೆ, ಎನ್ನುತ್ತಿದ್ದಳು.
ಓದುವುದು, ಲೆಕ್ಕ, ಜಗಳ ಎಲ್ಲ ಕನ್ನಡಕ್ಕೆ ಬಂದವು.
ಅಳು ಬರಲಿಲ್ಲ.

ಹೋದ ವರ್ಷ ಕಲ್ಲು ಕೆತ್ತುವವನು ಅಕ್ಷರಕ್ಕಿಷ್ಟು ಎಂದ.
ಕಾರ್ಡು ನೋಡಿ, "ದ್ಯಾವಮ್ಮ ಅಂದ್ರೆ ಒಂದಕ್ಷರ ಕಮ್ಮಿ ಆಗುತ್ತಲ್ಲಕ್ಕಾ?"
ನಾಲ್ಕೂ ಕೆತ್ತು, ಎಂದೆ.
"ದೀವೆನ ಅಂದ್ರೇನು?"
ಆಶೀರ್ವಾದ.
ಓಹೋ ಎಂದ. ನಾಲ್ಕಕ್ಕೂ ಪೂರ್ತಿ ದುಡ್ಡು ತಗೊಂಡ.
ಸರಿಯಾಗಿಯೇ ಕೆತ್ತಿದ.

ನಾನೀಗ ಬಳ್ಳಾರಿ ರೂಟಿನ ಕಂಡಕ್ಟರು.
ಮೊನ್ನೆ ಕತ್ತಲು ಹರಿಯುವ ಮುಂಚೆ
ಕೂಸು ಎತ್ತಿಕೊಂಡ ಹೆಣ್ಣುಮಗಳೊಬ್ಬಳು ಹತ್ತಿದಳು,
ಹಿಂದೆ ಯಾರೂ ಇಲ್ಲ, ಮುಂದೆಯೂ ಇಲ್ಲ,
ಕಾಲ ಬಳಿ ಒಂದು ದೊಡ್ಡ ಗಂಟು.
"ದಾವಣಗೇರಿಕಿ ಎಂತ?"
ಕೂರ್ಚೋಮ್ಮಾ, ಎಂದುಬಿಟ್ಟೆ.
ಆ ಮಾತು ಆಡಿ ಎಷ್ಟು ಕಾಲವಾಗಿತ್ತೋ.
ಗಂಟಿಗೂ ಲಗೇಜು ಟಿಕೆಟ್ ಹರಿದೆ,
ಅದರ ದುಡ್ಡನ್ನು ನನ್ನ ಪರ್ಸಿನಿಂದ ತೆಗೆದು ಬ್ಯಾಗಿಗೆ ಹಾಕಿ
ಸೀಟಿ ಊದಿದೆ.