ಅರ್ಧ ಎಳಿ

ತಾರಿಹಾಳದ ಶೆಡ್ಡಿನ್ಯಾಗ ದಸ್ತಗೀರಸಾಬ ನಾಲಬಂದ
ಮೊದಲ ಕೇಳಿದ್ದು, "ಯಜಮಾನ್ರು ಬಂದಿಲ್ಲೇನ್ರಿ?"
"ಮಷಿನ್ ನನಗ," ಅಂದೆ.
ಮತ್ತ ಏನೂ ಕೇಳಲಿಲ್ಲ. ಮೇಲಿನ ಗೋಣಿಚೀಲ ಎಳದ.

ಬೀಡಿನ ಟೇಬಲ್ಲು, ಎರಡು ಎಚ್‌ಪಿ ಮೋಟರು,
ಹನ್ನೆರಡು ವರ್ಷ ಬಾಗಿಲದ ಚೌಕಟ್ಟು ಸೀಳಿದ ಗರಗಸ.
ಬೆಲ್ಟು ಒತ್ತಿ ನೋಡಿದೆ, ಪುಲಿ ಅಲುಗಾಡಿಸಿದೆ,
ಬೇರಿಂಗಿಗೆ ಕಿವಿ ಕೊಟ್ಟೆ.
ಗದಗ ಡಿಪೋದಾಗ ಬಸ್ಸಿನ ಕೆಳಗ ಮಲಗಿ
ಹದಿನಾರು ವರ್ಷ ಕೇಳಿದ ಕಿವಿ ಇವು.
"ಒಂದು ಬೇರಿಂಗ್ ಹೋಗೇತಿ," ಅಂದೆ.
ಎರಡು ಸಾವಿರ ಇಳಿಸಿದ. ತಕರಾರು ತಗೀಲಿಲ್ಲ.

ರೊಕ್ಕ ಎಣಿಸೋವಾಗ ನೋಡಿದೆ:
ಎಡಗೈಯಾಗ ಮೂರೂವರಿ ಬೆರಳು.
ನೋಟು ಸರಿಸಾಕ ಆ ಅರ್ಧ ಬೆರಳೇ ಬಳಸ್ತಿದ್ದ,
ಅದಕ್ಕೇನೂ ಆಗಿಲ್ಲ ಅನ್ನೋ ಹಂಗ.
"ಬ್ಲೇಡಿನ ಹಿಂದ ಈ ತಗಡು ಐತಲ್ರಿ,
ಇದನ್ನ ತಗೀಬ್ಯಾಡ್ರಿ.
ಅರ್ಜಂಟ್ ಇತ್ತು, ನಾ ತಗದಿದ್ದೆ, ಒಂದು ದಿನ."
ಯಾವ ದಿನ ಅಂತ ನಾ ಕೇಳಲಿಲ್ಲ.

ಟಾಟಾ ಏಸಿನ್ಯಾಗ ಹಗ್ಗ ಬಿಗದು ಕುಂದ್ರಿಸಿ
ಅಣ್ಣಿಗೇರಿ ದಾಟೂತನ ಹಿಂದ ತಿರುಗಿ ತಿರುಗಿ ನೋಡಿದೆ.
ಲಗ್ನ ಆದ ಹೊಸದಾಗ ಗಂಡನ್ನ ಹಿಂಗ ನೋಡಿದ್ದಿಲ್ಲ.

ಬೆಟಗೇರಿ ಮನಿಯೊಳಗ ಅದಕ್ಕ ಇರೂದು ಒಂದ ಜಾಗಾ:
ಅವ್ವನ ಮಗ್ಗ ಇದ್ದ ಖೋಲಿ.
ಮಗ್ಗ ಹೋಗಿ ಐದು ವರ್ಷ, ಕುಣಿ ಹಂಗ ಐತಿ,
ಅವ್ವನ ಮೊಳಕಾಲಿನಷ್ಟು ಆಳ,
ಹಿಮ್ಮಡ ಉಜ್ಜಿ ಉಜ್ಜಿ ಗೋಡಿ ನುಣ್ಣಗ.
ಮುಚ್ಚಿ ಕಾಂಕ್ರೀಟ್ ಹಾಕಿಸೂಣು ಅಂದೆ.
"ಯಾಕ? ನಿನ್ನ ಮಷಿನ್ ಉಗುಳೂದಿಲ್ಲೇನು?
ಉಗುಳಲಿ ಅದರಾಗ."
ಹಂಗ ಆತು. ನಾಲ್ಕು ಕಾಲು ನಾಲ್ಕು ಕಡೆ,
ಹೊಟ್ಟಿ ಕೆಳಗ ಕುಣಿ.

ನೆಲದ ಕಡಪಾ ಕಲ್ಲು ಒಂದು ಏರು ಒಂದು ತಗ್ಗು.
ಮೂರು ಕಾಲು ಕುಂತವು, ನಾಲ್ಕನೇದು ಗಾಳಿಯಾಗ.
ಬಸ್ಸಿನ ಹಳೇ ಟೈರು ಕೊಯ್ದು ಕೆಳಗ ಇಟ್ಟೆ,
ಲೆವೆಲ್ಲಿನ ಗುಳ್ಳಿ ನಡುವ ಬಂದು ನಿಂತಿತು.
ಆಮ್ಯಾಲ ಫೆನ್ಸು.
ಫೆನ್ಸು, ಬ್ಲೇಡು, ಒಂದರ ಮಗ್ಗಲ ಒಂದು
ಎಷ್ಟು ದೂರ ಹೋದ್ರೂ ಕೂಡಬಾರದು, ಅಗಲಬಾರದು.
ಸ್ಟೀಲ್ ಪಟ್ಟಿ ಹಿಡದೆ. ಮುಂದ ಎಂಟು ಇಂಚು, ಹಿಂದ ಎಂಟು ಇಂಚು.
"ಸರಿ ಐತಿ," ಅಂದೆ.

ಚಹಾ ಹಿಡಕೊಂಡು ಬಾಗಿಲಾಗ ನಿಂತಿದ್ದ ಅವ್ವ,
ಒಂದು ಕಣ್ಣಿನ ಪೊರಿ ತಗಿಸಿದಾಕಿ, ಇನ್ನೊಂದು ಹಂಗ ಇಟಗೊಂಡಾಕಿ,
"ಇಲ್ಲ," ಅಂದ್ಳು.
"ಏನ ಇಲ್ಲ?"
"ಹಿಂದ ಅರ್ಧ ಎಳಿ ಒಳಗ ಬಂದೈತಿ."
ಗೂಡಿನ್ಯಾಗಿಂದ ಕೆಂಪು ನೂಲಿನ ಲಡಿ ತಂದ್ಳು,
ಒಂದು ಎಳಿ ಹಿರದ್ಳು,
ಒಂದು ತುದಿ ನನಗ ಹಿಡಿಸಿ, ಇನ್ನೊಂದು ಹಲ್ಲಾಗ ಕಚ್ಚಿ,
ಬ್ಲೇಡಿನ ಮೈಗೆ ತಾಕಿಸಿ ಎಳದ್ಳು, ಟೇಬಲ್ಲು ಮುಗಿಯೂತನ.
ಬೆರಳಿಂದ ಒಂದು ಸಲ ಮೀಟಿದ್ಳು.

ಆ ತುದಿಗೆ ಅಳದೆ, ಈ ತುದಿಗೆ ಅಳದೆ.
ಹಿಂದ ಅರ್ಧ ಮಿಲಿಮೀಟರು ಕಡಿಮಿ.
ಕಟಿಗಿ ಅಲ್ಲೇ ಸಿಕ್ಕೊಂಡು, ಅಲ್ಲಿಂದನ ಸಿಡದು ಬರೂದು.
ನೋಟು ಸರಿಸೋ ಬೆರಳು ನೆನಪಾತು.
"ಹಾಸು ವಾರಿ ಆದ್ರ ಸೀರಿ ಕೆಡತೈತಿ, ಅಷ್ಟ,"
ಅಂದ್ಳು ಅವ್ವ. "ನಿಂದು ಹಂಗಲ್ಲ."
ಬೋಲ್ಟು ಸಡಿಲ ಮಾಡಿದೆ, ಅಂಗೈಯಿಂದ ತಟ್ಟಿದೆ.
"ಇನ್ನೂ." ತಟ್ಟಿದೆ.
"ಹಾಂ. ಅಲ್ಲೇ ಸಾಯಲಿ." ಬಿಗದೆ.

ಮೊದಲ ಸೀಳಿದ್ದು ಜಾಲಿ ತುಂಡು.
ಟಿಪಾಯಿ ಅಲ್ಲ, ಮಣಿ ಅಲ್ಲ,
ಕಟಿಗಿ ದೂಡೋ ಒಂದು ಕೋಲು,
ನನ್ನ ಬೆರಳಿಗಿಂತ ಮುಂದ ಹೋಗಾಕ.
ಹೊಟ್ಟು ಕುಣಿಯೊಳಗ ಸುರಕೋತ ಇತ್ತು,
ಅರ್ಧಕ್ಕ ಬಂದಿದ್ದೆ, ಕರೆಂಟು ಹೋತು.

ಕತ್ತಲದಾಗ ಬ್ಲೇಡು ತಿರಗಕೋತ ತಿರಗಕೋತ
ದನಿ ಸಣ್ಣ ಮಾಡಿತು,
ಕಿವಿಯಿಂದ ಹಲ್ಲು ಎಣಿಸಬೇಕು, ಅಷ್ಟು ನಿಧಾನ.
ನಾ ಕೋಲು ಬಿಡಲಿಲ್ಲ. ಅವ್ವ ಅಲುಗಲಿಲ್ಲ.
ನಿಂತಿತು.

"ಮೊದಲ ಪಿನ್ನು ಕಿತ್ತು ಬಾ," ಅಂದ್ಳು,
"ಹೋಗಿದ್ದು ಹೇಳಿ ಬರೂದಿಲ್ಲ."
ಗೋಡಿ ತಡವಿಕೋತ ಹೋದೆ.
ಆ ಕೆಂಪು ಎಳಿ ಎಲ್ಲೋ ಕಾಲಿಗೆ ತೊಡಕಿ ಹರೀತು.
ಪಿನ್ನು ಇನ್ನೂ ಬೆಚ್ಚಗಿತ್ತು.